ಕಳಿಸಿಕೊಟ್ಟ ಮಗು

ಗೋನು ಚಂಡಮಾರುತ ಬಂದು ಹೋದ ಮೂರನೆಯ ದಿನ ಸ್ಟೆಲ್ಲಾ ದಾರ್ಸೈಟ್‌ನ ತನ್ನ ಫ್ಲ್ಯಾಟಿನ ಬಾಗಿಲು ನೂಕಿದಾಗ, ಫ್ರಿಜ್ಜು ಅಡುಗೆಮನೆಯಿಂದ ತೇಲಿ ಬಂದು ಹಾಲ್‌ನ ನಡುವೆ ಅಡ್ಡ ಬಿದ್ದಿತ್ತು. ಗೋಡೆಗೆ ಎದೆಮಟ್ಟದ ಕೆಸರು. ಕುಚ್ಚಲಕ್ಕಿಯ ಚೀಲ ಒಡೆದು, ಅಕ್ಕಿ ಮಣ್ಣಿನಲ್ಲಿ ಉಬ್ಬಿ, ಜೂನ್ ತಿಂಗಳ ಸೆಕೆಗೆ ಹುಳಿತು ನಾರುತ್ತಿತ್ತು. ಗಂಡ ರಾಬರ್ಟ್ ಪ್ಯಾಂಟು ಮಡಚಿಕೊಂಡು ಒಳಗೆ ಹೋದವನು ಪಾಸ್‌ಪೋರ್ಟುಗಳಿದ್ದ ತಗಡಿನ ಡಬ್ಬವನ್ನೂ ಏಸುವಿನ ಪಟವನ್ನೂ ಮಾತ್ರ ಎತ್ತಿಕೊಂಡು ಬಂದ. ಉಳಿದದ್ದನ್ನು ನೋಡಿ "ಖಲಾಸ್" ಅಂದ.

ಅದು ೨೦೦೭. ರಾಬರ್ಟ್ ಹದಿನಾರು ವರ್ಷದಿಂದ ಗಲ್ಫಿನಲ್ಲಿ, ಎಸಿ ಬಿಡಿಭಾಗಗಳ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ಸ್ಟೆಲ್ಲಾ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸಿಂಗ್ ಸಹಾಯಕಿ. ಮಗ ಜೋಸ್ಟನ್ ಒಂಬತ್ತನೇ ಕ್ಲಾಸು. ಮಗಳು ಓಲಿವಿಯಾಗೆ ಐದು ತುಂಬಿತ್ತು. ಈಸ್ಟರ್ ಹಬ್ಬದ ಹೊತ್ತಿಗೆ ರಾಬರ್ಟನ ತಾಯಿ ರೋಸ್ ಉಡುಪಿ ಕಡೆಯ ಶಿರ್ವದಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಈ ಐವರಿಗೂ ಈಗ ಉಳಿದದ್ದು ರೂವಿಯಲ್ಲಿ ಇದಿನಬ್ಬನ ಕೆಫೆಟೇರಿಯಾದ ಮೇಲಿನ ಒಂದು ಕೋಣೆ. ಇದಿನಬ್ಬ ರಾಬರ್ಟನ ಹಳೆಯ ಸ್ನೇಹಿತ, ಕಾಪು ಕಡೆಯ ಬ್ಯಾರಿ. ತನ್ನ ಕೆಲಸದವರನ್ನು ಪಕ್ಕದ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿಸಿ ಇವರಿಗೆ ಜಾಗ ಮಾಡಿಕೊಟ್ಟಿದ್ದ. ಪಾಯಿಖಾನೆ ಮಾತ್ರ ಹನ್ನೊಂದು ಮಂದಿಗೂ ಒಂದೇ.

ಒಂದು ವಾರ ಅಂದದ್ದು ಎರಡು ವಾರವಾಯಿತು. ಊರಿಡೀ ಜನ ಮನೆ ಹುಡುಕುತ್ತಿದ್ದರು. ಖಾಲಿ ಮನೆ ಇದ್ದವರು ಬಾಯಿಗೆ ಬಂದಷ್ಟು ಬಾಡಿಗೆ ಹೇಳುತ್ತಿದ್ದರು. ಒಂದು ಸಂಜೆ ಕೆಳಗಿನಿಂದ ಬಂದ ಪರೋಟ, ಮೊಟ್ಟೆ ಸಾರನ್ನು ನೆಲದ ಮೇಲೆ ಪೇಪರ್ ಹಾಸಿ ತಿನ್ನುವಾಗ ರೋಸ್ ಮಾತು ತೆಗೆದಳು.

"ಇಪ್ಪತ್ತೊಂಬತ್ತಕ್ಕೆ ನಾನು ಹೋಗುದಲ್ವಾ. ಓಲಿವಿಯಾನನ್ನು ನನ್ನ ಒಟ್ಟಿಗೆ ಕಳಿಸಿ."

"ಎಲ್ಲಿಗೆ ಮಾಂಯ್?" ಸ್ಟೆಲ್ಲಾ ಅತ್ತೆಯನ್ನು ಕೇಳಿದಳು.

"ಎಲ್ಲಿಗೆ ಅಂದ್ರೆ? ಮನೆಗೆ. ಶಿರ್ವಕ್ಕೆ. ಲಿಲ್ಲಿ ಇದ್ದಾಳಲ್ಲ."

ಲಿಲ್ಲಿ ರಾಬರ್ಟನ ಅಕ್ಕ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ತವರಿನಲ್ಲೇ ಹೊಲಿಗೆ ಮಾಡಿಕೊಂಡು ಇದ್ದವಳು.

"ಬೇಡ," ಅಂದಳು ಸ್ಟೆಲ್ಲಾ.

"ಬೇಡ ಅಂದ್ರೆ ಎಂತ ಮಾಡ್ತಿ? ನಾನು ಹೋದ ಮೇಲೆ ಹಗಲು ಮಗುವನ್ನು ನೋಡುದು ಯಾರು? ಕೆಳಗೆ ಪರೋಟ ತಟ್ಟುವವನಾ?"

ರಾಬರ್ಟ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮನೆ ಸಿಗುವವರೆಗೆ ಮಾತ್ರ. ಎರಡು ತಿಂಗಳು. ರಜೆಗೆ ಹೋದ ಹಾಗೆ."

"ಹಾಗಾದ್ರೆ ಜೋಸ್ಟನ್?"

"ಐ ಆಮ್ ನಾಟ್ ಗೋಯಿಂಗ್," ಅಂದ ಜೋಸ್ಟನ್. "ಬೋರ್ಡ್ ಎಕ್ಸಾಮ್ ಇದೆ ನೆಕ್ಸ್ಟ್ ಇಯರ್."

"ಅವನನ್ನು ಈಗ ಅಲ್ಲಾಡಿಸ್ಲಿಕ್ಕೆ ಆಗುದಿಲ್ಲ," ಅಂದ ರಾಬರ್ಟ್.

ಓಲಿವಿಯಾ ಯಾರನ್ನೂ ನೋಡದೆ ಪರೋಟದ ಪದರಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು.

ಸ್ಟೆಲ್ಲಾಳ ಕ್ಲಿನಿಕ್ಕಿಗೂ ನೀರು ನುಗ್ಗಿತ್ತು. ಡಾಕ್ಟರು ಅದನ್ನು ಮುಚ್ಚಿ, ಅವಳನ್ನು ಅಲ್ ಖೌದ್‌ನ ಒಂದು ಮನೆಗೆ ಹಗಲಿನ ಡ್ಯೂಟಿಗೆ ಹಾಕಿದ್ದರು. ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ರೈಯಾ ಎಂಬ ಫಿನ್‌ಲೆಂಡಿನ ಹೆಂಗಸಿನ ಮನೆ ಅದು. ಅವಳ ತಾಯಿ ಕೆರ್ತು, ಮಗಳನ್ನು ನೋಡಲು ಬಂದವಳು, ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಳು. ಅರವತ್ತೆಂಟರ ಹೆಂಗಸು, ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ ಎಸಿ ಜೋರಾಗಿ ಹಾಕಿಸಿಕೊಂಡು ಉಣ್ಣೆಯ ಕಾಲುಚೀಲ ಹೆಣೆಯುವವಳು. ದಿನಕ್ಕೆ ಏಳು ಸಲ ಕರಿ ಕಾಫಿ ಬೇಕು. ಶನಿವಾರ ರೈಯಾ ಸಿಹಿ ಬ್ರೆಡ್ ಬೇಯಿಸಿದರೆ ಮನೆಯಿಡೀ ಏಲಕ್ಕಿಯ ವಾಸನೆ. "ನಿಮ್ಮ ಊರಿನ ಏಲಕ್ಕಿ ಇಲ್ಲದೆ ನಮ್ಮಲ್ಲಿ ಹಬ್ಬವೇ ಇಲ್ಲ," ಎಂದು ಕೆರ್ತು ಮೊದಲ ದಿನವೇ ಹೇಳಿದ್ದಳು. ಇಬ್ಬರಿಗೂ ಇದ್ದದ್ದು ಮುರುಕು ಇಂಗ್ಲಿಷು, ಅದರಲ್ಲೇ ಮಾತು.

ಜೂನ್ ಇಪ್ಪತ್ತಮೂರು. "ಇವತ್ತು ನಮ್ಮಲ್ಲಿ ಬೇಸಗೆಯ ದೊಡ್ಡ ಹಬ್ಬ," ಅಂದಳು ಕೆರ್ತು. "ಸೂರ್ಯ ಮುಳುಗಿದರೂ ಕತ್ತಲಾಗುವುದಿಲ್ಲ. ಸರೋವರದ ದಂಡೆಯಲ್ಲಿ ಬೆಂಕಿ ಹಾಕಿ ಕೂತಿರುತ್ತಾರೆ."

"ನಾಳೆ ನಮಗೂ ಸಂತ ಯೊವಾನ್ನರ ಹಬ್ಬ," ಅಂದಳು ಸ್ಟೆಲ್ಲಾ. ಅಷ್ಟು ಹೇಳಿ, ಯಾಕೋ ತಡೆಯಲಾಗದೆ, ಮಗಳನ್ನು ಊರಿಗೆ ಕಳಿಸು ಅನ್ನುತ್ತಿದ್ದಾರೆ ಎಂದೂ ಹೇಳಿಬಿಟ್ಟಳು.

ಕೆರ್ತುವಿನ ಸೂಜಿಗಳು ನಿಂತವು. "ಎಷ್ಟು ವರ್ಷ?"

"ಐದು."

"ನನಗೂ ಐದೇ."

೧೯೪೪ರ ಫೆಬ್ರವರಿ. ರಷ್ಯಾದ ವಿಮಾನಗಳು ಹೆಲ್ಸಿಂಕಿಯ ಮೇಲೆ ಬಾಂಬ್ ಹಾಕುತ್ತಿದ್ದವು. ಕೆರ್ತುವಿನ ಅಪ್ಪ ಯುದ್ಧಕ್ಕೆ ಹೋಗಿದ್ದ. ಅಮ್ಮನ ಕೈಯಲ್ಲಿ ಮೂರು ಮಕ್ಕಳು: ಒಂಬತ್ತರ ಗಂಡು, ಐದರ ಕೆರ್ತು, ಹಾಲು ಕುಡಿಯುವ ಕೂಸು. ಪಕ್ಕದ ಸ್ವೀಡನ್ನಿನಲ್ಲಿ ಯುದ್ಧವಿರಲಿಲ್ಲ. ಅಲ್ಲಿನ ಮನೆಗಳು ಫಿನ್‌ಲೆಂಡಿನ ಮಕ್ಕಳನ್ನು ಸಾಕಲು ಮುಂದೆ ಬಂದಿದ್ದವು. ಸುಮಾರು ಎಪ್ಪತ್ತು ಸಾವಿರ ಮಕ್ಕಳು ಕೊರಳಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು ರೈಲಿನಲ್ಲಿ, ಹಡಗಿನಲ್ಲಿ ಹೋದರು.

"ಗಡಿ ದಾಟಿದ ಮೇಲೆ ನಮಗೆಲ್ಲ ಸ್ನಾನ ಮಾಡಿಸಿದರು. ಹೇನು, ತುರಿಕಜ್ಜಿ ಇರಬಹುದೆಂದು ಮನೆಯಿಂದ ಉಟ್ಟುಬಂದ ಬಟ್ಟೆ ಸುಟ್ಟರು. ನನ್ನನ್ನು ಒಂದು ರೈತರ ಮನೆಗೆ ಕೊಟ್ಟರು. ಒಳ್ಳೆಯವರು. ಹಾಲು, ಬೆಣ್ಣೆ, ಬೆಕ್ಕಿನ ಮರಿ, ಎಲ್ಲ ಇತ್ತು. ಎರಡೂವರೆ ವರ್ಷಕ್ಕೆ ವಾಪಸು ಹಡಗು ಹತ್ತಿಸಿದರು. ಬಂದರಿನಲ್ಲಿ ಬೂದಿ ಬಣ್ಣದ ಕೋಟು ಹಾಕಿಕೊಂಡ ಒಬ್ಬ ತೆಳ್ಳಗಿನ ಹೆಂಗಸು ಬಂದು ನನ್ನನ್ನು ಹಿಡಿದುಕೊಂಡು ಏನೇನೋ ಅಂದಳು. ನನಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ನನ್ನ ಬಾಯಲ್ಲಿ ಆಗ ಸ್ವೀಡಿಷ್ ಮಾತ್ರ. ಎದುರು ಮನೆಯ ಮುದುಕಿಗೆ ಎರಡೂ ಭಾಷೆ ಬರುತ್ತಿತ್ತು. ಅಮ್ಮ ಏನಾದರೂ ಹೇಳಬೇಕಾದರೆ ಅವಳನ್ನು ಕರೆದು ಅಡುಗೆಮನೆಯಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಗಂಜಿ ಕುಡಿ ಅನ್ನಲಿಕ್ಕೂ ಅವಳೇ ಬೇಕು."

"ಆಮೇಲೆ ಸರಿಹೋಯ್ತಲ್ಲ?"

"ಭಾಷೆ ಬಂತು." ಕೆರ್ತು ಕಾಫಿ ಕೇಳಿದಳು, ಕುಡಿಯದೆ ಪಕ್ಕಕ್ಕಿಟ್ಟಳು. "ಅಮ್ಮ ಸಾಯುವ ಮೊದಲು ಕೇಳಿದೆ, ಮೂರರಲ್ಲಿ ನನ್ನನ್ನೇ ಯಾಕೆ ಕಳಿಸಿದಿ ಅಂತ. 'ನೀನು ಅಳುವ ಮಗು ಆಗಿರಲಿಲ್ಲ' ಅಂದಳು."

"ಹಾಗಾದ್ರೆ ನಾನು ಕಳಿಸಬಾರದಾ?"

"ಅದು ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಉಳಿದ ಕೆಲವು ಮಕ್ಕಳು ಸತ್ತರು. ನಾನು ಬದುಕಿದೆ. ತಪ್ಪು ಅಂತ ಹೇಗೆ ಹೇಳಲಿ?"

ಆ ಸಂಜೆ ಸ್ಟೆಲ್ಲಾ ಇದನ್ನೆಲ್ಲ ಮನೆಯಲ್ಲಿ ಹೇಳಿದಳು. ರೋಸ್ ತಂಗೀಸು ಮೀನಿನ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡಳು.

"ಅದು ಯುದ್ಧ. ಶಿರ್ವದಲ್ಲಿ ಎಂತ ಯುದ್ಧ ಉಂಟು? ಅಲ್ಲಿ ಎಲ್ಲರೂ ನಮ್ಮ ಕೊಂಕಣಿಯೇ ಮಾತಾಡುದು. ಮರೀಲಿಕ್ಕೆ ಎಂತ ಉಂಟು?"

"ಭಾಷೆಯ ಮಾತಲ್ಲ ಮಾಂಯ್."

"ಮತ್ತೆಂತದು? ಇವನನ್ನು ಹತ್ತು ವರ್ಷಕ್ಕೆ ಬೊಂಬಾಯಿಗೆ ಮಾವನ ಮನೆಗೆ ಕಳಿಸಿದ್ದೆ. ಸತ್ತನಾ? ಓದಿದ, ಇಲ್ಲಿಗೆ ಬಂದ, ನಾಲ್ಕು ಜನರ ಹಾಗೆ ಇದ್ದಾನೆ. ಕೇಳು ಬೇಕಾದ್ರೆ."

ರಾಬರ್ಟ್ ಕೈ ತೊಳೆಯಲು ಎದ್ದ. ಅವನು ತಾಯಿಯ ಹತ್ತಿರ ಮಾತ್ರೆ, ಟಿಕೆಟು, ಊಟ, ಈ ಮೂರರ ಹೊರತು ಬೇರೆ ಮಾತಾಡಿದ್ದನ್ನು ಮದುವೆಯಾದ ಹದಿನೈದು ವರ್ಷದಲ್ಲಿ ಸ್ಟೆಲ್ಲಾ ಕಂಡಿರಲಿಲ್ಲ.

"ನಾನೇ ಕೆಲಸ ಬಿಟ್ಟು ಅವಳ ಒಟ್ಟಿಗೆ ಹೋಗ್ತೇನೆ," ಅಂದಳು.

"ಹೋಗು," ಅಂದ ರಾಬರ್ಟ್ ಬಾಗಿಲಿನಿಂದ. "ನನ್ನೊಬ್ಬನ ಸಂಬಳದಲ್ಲಿ ಮನೆ ಹಿಡೀಲಿಕ್ಕೆ ಆಗುದಿಲ್ಲ. ಆಮೇಲೆ ನೀವ್ಯಾರೂ ಇಲ್ಲಿಗೆ ಬರುದು ಬೇಡ. ನಾನೂ ಇವನೂ ಈ ಕೋಣೆಯಲ್ಲೇ ಸಾಯ್ತೇವೆ."

ಮೂರು ದಿನ ಸ್ಟೆಲ್ಲಾ ಜಗ್ಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ರೋಸ್‌ಗೆ ನಿದ್ದೆ ಹತ್ತಿದಾಗ ಓಲಿವಿಯಾ ಒಬ್ಬಳೇ ಮೆಟ್ಟಿಲಿಳಿದು ಹೋದಳು. ಇದಿನಬ್ಬ ಅಂಗಡಿಗೆ ಶಟರ್ ಎಳೆದು ಹುಡುಕಿದ. ಮಗು ಟ್ಯಾಕ್ಸಿ ಸ್ಟ್ಯಾಂಡಿನ ಬಿಸಿಲಿನಲ್ಲಿ, ಗುರುತಿಲ್ಲದ ಒಬ್ಬ ಡ್ರೈವರ್ ಕೊಡಿಸಿದ ಜ್ಯೂಸ್ ಹಿಡಿದುಕೊಂಡು ನಿಂತಿತ್ತು. ಪುಣ್ಯಕ್ಕೆ ಆ ಮನುಷ್ಯ ಒಳ್ಳೆಯವನು. ಆಗಲೇ ಪೊಲೀಸರಿಗೆ ಫೋನ್ ಮಾಡಿದ್ದ.

"ಎಲ್ಲಿಗೆ ಹೋದದ್ದು ನೀನು?" ಸ್ಟೆಲ್ಲಾ ಬಂದು ಅವಳ ಎರಡೂ ಭುಜ ಹಿಡಿದು ಕೇಳಿದಳು.

"ಮಮ್ಮಿ ಬರುವ ಬಸ್ಸು ನೋಡ್ಲಿಕ್ಕೆ."

ಸ್ಟೆಲ್ಲಾ ಅದೇ ಕೈಯಲ್ಲಿ ಅವಳ ಬೆನ್ನಿಗೆ ಎರಡು ಬಾರಿಸಿದಳು. ಹೊಡೆದು, ಅಪ್ಪಿಕೊಂಡು, ಅತ್ತಳು. ಮಗು ಅಳಲಿಲ್ಲ. ಮರುದಿನ ಸ್ಟೆಲ್ಲಾ ತಾನೇ ರೂವಿಯ ಅಂಗಡಿಗೆ ಹೋಗಿ ಕೆಂಪು ಚಕ್ರದ ಸಣ್ಣ ಪೆಟ್ಟಿಗೆ ತಂದಳು, ತಾನೇ ಬಟ್ಟೆ ಮಡಚಿ ತುಂಬಿದಳು. ಯಾರೂ ಅವಳ ಕೈ ಹಿಡಿದು ಮಾಡಿಸಲಿಲ್ಲ. ಆಮೇಲಿನ ದಿನಗಳಲ್ಲಿ ಅವಳು ಮತ್ತೆ ಮತ್ತೆ ನೆನೆಸಿಕೊಂಡದ್ದು ಅದನ್ನೇ.

ಶುಕ್ರವಾರ ಸೀಬ್ ಏರ್‌ಪೋರ್ಟಿನಲ್ಲಿ ಓಲಿವಿಯಾ ಅಜ್ಜಿಯ ಕೈ ಹಿಡಿದು ಒಳಗೆ ನಡೆದಳು. ಗಾಜಿನ ಆಚೆ ಒಮ್ಮೆ ತಿರುಗಿದಳು. ಅಷ್ಟರಲ್ಲಿ ಒಂದು ದೊಡ್ಡ ಕುಟುಂಬದ ಟ್ರಾಲಿಗಳು ಅಡ್ಡ ಬಂದವು.

ಮೊದಲ ಶುಕ್ರವಾರದ ಫೋನಿನಲ್ಲಿ ಅವಳು ಕೇಳಿದ್ದು, "ಎಷ್ಟು ಸಲ ಮಲಗಿ ಎದ್ದರೆ ಬರ್ತಿ?" ಎರಡನೆಯ ಶುಕ್ರವಾರವೂ ಅದೇ. ಮೂರನೆಯದಕ್ಕೆ, "ಲಿಲ್ಲಿ ಆಂಟಿ ನನಗೆ ಫ್ರಾಕ್ ಹೊಲಿದ್ರು." ಆಗಸ್ಟಿನಲ್ಲಿ ಲಿಲ್ಲಿ ಅವಳನ್ನು ಶಾಲೆಗೆ ಸೇರಿಸಿದಳು. ಸುಮ್ಮನೆ ಮನೆಯಲ್ಲಿ ಕೂರಿಸುವುದು ಯಾಕೆ ಎಂದು ರಾಬರ್ಟ್ ಒಪ್ಪಿದ್ದ; ಸ್ಟೆಲ್ಲಾಗೆ ಗೊತ್ತಾದದ್ದು ಯೂನಿಫಾರ್ಮ್ ಹೊಲಿದಾದ ಮೇಲೆ. ಸೆಪ್ಟೆಂಬರಿನಲ್ಲಿ ಮಗಳು ಫೋನಿಗೆ ಬರಲು ತಡವಾಗತೊಡಗಿತು. ಅಂಗಳದಲ್ಲಿ ಆಡುತ್ತಿದ್ದಾಳೆ, ನಾಯಿಮರಿಗೆ ಅನ್ನ ಹಾಕುತ್ತಿದ್ದಾಳೆ.

ಮೊಂತಿ ಫೆಸ್ತ್ ಎಂಬ ತೆನೆ ಹಬ್ಬ ಮುಗಿದ ಮರುವಾರ ಫೋನ್ ಎತ್ತಿದ್ದು ಅವಳೇ. ಸ್ಟೆಲ್ಲಾ "ಓಲಿವಿಯಾ, ಮಮ್ಮಿ" ಅಂದಳು. ಆ ಕಡೆ ರಿಸೀವರು ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ದೂರದಿಂದ ಮಗಳ ಕೂಗು:

"ಮಮ್ಮೀ! ಆ ಮಮ್ಮಿದು ಫೋನ್!"

ಮತ್ತು ಲಿಲ್ಲಿಯ ಗಾಬರಿಯ ಪಿಸುಮಾತು: "ಶ್, ಹಾಗೆ ಹೇಳಬಾರದು, ನನಗೆ ಆಂಟಿ ಹೇಳು ಅಂತ ಎಷ್ಟು ಸಲ ಹೇಳಿದ್ದೇನೆ."

ಸ್ಟೆಲ್ಲಾ ಫೋನ್ ಇಟ್ಟು, ಒಲೆಯ ಮೇಲಿನ ಸಾರು ಕೆಳಗಿಳಿಸಿ, ಗ್ಯಾಸ್ ಆರಿಸಿದಳು. ರಾಬರ್ಟನಿಗೆ ಅಂದದ್ದು: "ನಾಳೆಯೇ ಮನೆ ನೋಡು. ಎಲ್ಲಿಯಾದರೂ ಆಗಲಿ."

ಅಕ್ಟೋಬರಿನಲ್ಲಿ ಅಲ್ ಮಬೇಲಾದಲ್ಲಿ ಟಯರ್ ವರ್ಕ್‌ಶಾಪಿನ ಮೇಲೆ ಎರಡು ಕೋಣೆ ಸಿಕ್ಕಿದವು. ಬೆಳಗಿನಿಂದ ಗಾಳಿ ತುಂಬುವ ಮೆಷಿನ್ನಿನ ಸದ್ದು, ರಬ್ಬರಿನ ವಾಸನೆ. ಆದರೆ ಬಾಗಿಲಿಗೆ ಸ್ವಂತ ಬೀಗ, ಒಳಗೆ ಸ್ವಂತ ಬಚ್ಚಲು. ಮೊದಲ ದಿನ ಅನ್ನ, ಬೇಳೆ ಸಾರು ಮಾಡಿ ಬಡಿಸುತ್ತ ಸ್ಟೆಲ್ಲಾ ಅಂದಳು, "ಈ ತಿಂಗಳೇ ಕರ್ಕೊಂಡು ಬರುವ."

"ಶಾಲೆಯ ನಡುವಿನಲ್ಲಾ? ಮಾರ್ಚ್ ಕಳೀಲಿ," ಅಂದ ರಾಬರ್ಟ್. "ಅಲ್ಲಿ ಖುಷಿಯಲ್ಲಿ ಉಂಟಲ್ಲ ಮಗು."

"ಆರು ತಿಂಗಳು ಹೊರಗೆ ನಿಂತರೆ ವೀಸಾ ಹೋಗ್ತದೆ. ಡಿಸೆಂಬರ್ ಕೊನೆಗೆ ಆರು ತಿಂಗಳು."

"ಹೋದರೆ ಹೊಸದು ಮಾಡಿದರಾಯ್ತು."

"ನಿನಗೆ ಅವಳು ಬೇಕಾ, ಬೇಡವಾ? ಅದು ಹೇಳು."

"ನಾನಾ ಪೆಟ್ಟಿಗೆ ಕಟ್ಟಿದ್ದು?"

ಜೋಸ್ಟನ್ ಚಮಚ ತಟ್ಟೆಯ ಮೇಲೆ ಕುಕ್ಕಿದ. "ಸ್ಟಾಪ್ ಇಟ್! ನಾನು ಹುಡುಗ ಅಂತ ನನ್ನನ್ನು ಇಟ್ಟುಕೊಂಡದ್ದು. ಎವ್ರಿಬಡಿ ನೋಸ್. ಅವಳಿಗೂ ಗೊತ್ತುಂಟು. ಹೋಗುವ ಮುಂಚೆ ನನ್ನ ಹತ್ರ ಕೇಳಿದ್ಲು, 'ಬೋರ್ಡ್ ಎಕ್ಸಾಮ್ ಅಂದ್ರೆ ಎಂತ, ನಾನೂ ಬರೀತೇನೆ' ಅಂತ."

ಯಾರೂ ಊಟ ಮುಂದುವರಿಸಲಿಲ್ಲ. ಸ್ಟೆಲ್ಲಾ ಮೂರು ತಟ್ಟೆಯ ಅನ್ನವನ್ನೂ ಪಾತ್ರೆಗೆ ವಾಪಸು ಸುರಿದು ನೀರು ಹಾಕಿಟ್ಟಳು.

ನವೆಂಬರಿನಲ್ಲಿ ಕೆರ್ತು ಊರಿಗೆ ಹೊರಟಳು. ಈಗ ಕೋಲು ಹಿಡಿದು ನಡೆಯುತ್ತಿದ್ದಳು. ಕೊನೆಯ ದಿನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಸ್ಟೆಲ್ಲಾ ಕೇಳಿದಳು:

"ವಾಪಸು ಬಂದ ಮೇಲೆ ನಿಮ್ಮ ಅಮ್ಮ ಎಂತ ಮಾಡಬೇಕಿತ್ತು?"

ಕೆರ್ತು ಅಂದಳು: "ಸ್ವೀಡನ್ನಿನ ಅಮ್ಮ ನನಗೆ ಪತ್ರ ಬರೆಯುತ್ತಿದ್ದಳು. ನನ್ನ ಅಮ್ಮ ಅವನ್ನು ಒಲೆಗೆ ಹಾಕುತ್ತಿದ್ದಳು. ನನಗೆ ಗೊತ್ತಾದದ್ದು ಇಪ್ಪತ್ತನೇ ವಯಸ್ಸಿಗೆ. ಅವಳದ್ದೂ ತಪ್ಪಲ್ಲ. ಮಗಳು ಬೇಕಿತ್ತು ಅವಳಿಗೆ." ಆಮೇಲೆ ಅಂದಳು, "ಒಂದು ಸಲ ಕಳಿಸಿದ ಮೇಲೆ ಹೋದ ಮಗುವೇ ವಾಪಸು ಬರುವುದಿಲ್ಲ ಸ್ಟೆಲ್ಲಾ. ಬೇರೆ ಮಗು ಬರುತ್ತದೆ. ಅದಕ್ಕೆ ಏನು ಮಾಡಬೇಕೋ ನನಗೂ ತಿಳಿಯದು. ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ."

ಕ್ರಿಸ್‌ಮಸ್‌ಗೆ ಸ್ಟೆಲ್ಲಾ ಒಬ್ಬಳೇ ಶಿರ್ವಕ್ಕೆ ಹೋದಳು. ಓಲಿವಿಯಾ ಬಾಗಿಲ ಹಿಂದೆ ನಿಂತು, ಲಿಲ್ಲಿ ಎರಡು ಸಲ ಕಣ್ಸನ್ನೆ ಮಾಡಿದ ಮೇಲೆ ಮುಂದೆ ಬಂದು, ಮನೆಗೆ ಬಂದ ದೊಡ್ಡವರಿಗೆ ಮಾಡುವ ಹಾಗೆ ಕೈ ಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳಿದಳು. ಹಲ್ಲು ಒಂದು ಬಿದ್ದಿತ್ತು. ಅದು ಬಿದ್ದದ್ದು ಸ್ಟೆಲ್ಲಾಗೆ ಗೊತ್ತಿರಲಿಲ್ಲ.

ಹತ್ತು ದಿನ ಸ್ಟೆಲ್ಲಾ ಆ ಮನೆಯಲ್ಲಿ ಅತಿಥಿಯಾಗಿ ಉಂಡಳು. ಮಗಳು ಮಲಗುತ್ತಿದ್ದುದು ಲಿಲ್ಲಿಯ ಪಕ್ಕ, ಅವಳ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು. ಹೊರಡುವ ಹಿಂದಿನ ದಿನ ಲಿಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ನೂಲು ಪೋಣಿಸಲಾಗದೆ, ಹಾಗೇ ಅಂದಳು:

"ಕರ್ಕೊಂಡು ಹೋಗು ಸ್ಟೆಲ್ಲಾ. ನಿನ್ನ ಮಗು. ನಾನು ಕದೀಲಿಲ್ಲ."

"ನನಗೆ ಗೊತ್ತುಂಟು ಅಕ್ಕ."

"ಆಂಟಿ ಹೇಳು ಅಂತ ದಿನಾ ಹೇಳಿಕೊಡ್ತಿದ್ದೆ. ಮೊದಮೊದಲು." ಲಿಲ್ಲಿ ಮುಖ ಮುಚ್ಚಿಕೊಂಡಳು. "ಆಮೇಲೆ ನಿಲ್ಲಿಸಿದೆ. ದೇವರು ಮೆಚ್ಚುದಿಲ್ಲ, ಗೊತ್ತುಂಟು."

ರೋಸ್ ಜಗಲಿಯಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಸೊಸೆ ಬಂದು ಪಕ್ಕದಲ್ಲಿ ನಿಂತಾಗ, ಮಣಿಗಳಿಂದ ಕಣ್ಣು ತೆಗೆಯದೆ ಅಂದಳು, "ಎರಡು ತಿಂಗಳು ಅಂತಲೇ ನಾನು ಕರ್ಕೊಂಡು ಬಂದದ್ದು." ಜಗಳಕ್ಕೆಂದೇ ಬಂದಿದ್ದ ಸ್ಟೆಲ್ಲಾ, ಅತ್ತೆ ಒಂದೇ ಮಣಿಯನ್ನು ಮತ್ತೆ ಮತ್ತೆ ತಿರುಗಿಸುವುದನ್ನು ಕಂಡು ಒಳಗೆ ಹೋದಳು.

ಬಜ್ಪೆಯಲ್ಲಿ ವಿಮಾನ ಹತ್ತುವಾಗ ಓಲಿವಿಯಾ ಗಲಾಟೆ ಮಾಡಲಿಲ್ಲ. ಗಲಾಟೆಗೆಂದೇ ಸ್ಟೆಲ್ಲಾ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಮಗು ಕಚ್ಚಿದರೆ ಕಚ್ಚಲಿ, ಕೂಗಿದರೆ ಕೂಗಲಿ ಎಂದು. ಓಲಿವಿಯಾ ಹೇಳಿದ ಕಡೆ ಕೂತಳು, ಬೆಲ್ಟು ಹಾಕಿಸಿಕೊಂಡಳು, ಕೊಟ್ಟ ಬಿಸ್ಕತ್ತಿಗೆ "ಥ್ಯಾಂಕ್ಯೂ" ಅಂದಳು.

ಅಲ್ ಮಬೇಲಾದ ಮನೆಯಲ್ಲೂ ಹಾಗೇ. ಹಾಕಿದ್ದನ್ನು ಉಂಡಳು, ತಟ್ಟೆ ತೊಳೆದಿಟ್ಟಳು. ಫ್ರಿಜ್ಜು ತೆರೆಯುವ ಮೊದಲು "ತೆಗೀಬಹುದಾ?" ಎಂದು ಕೇಳುವಳು. ಬಚ್ಚಲಿಗೆ ಹೋಗುವಾಗಲೂ ಕೇಳುವಳು. ರಾಬರ್ಟ್ ಸೈಕಲ್ಲು ತಂದುಕೊಟ್ಟ. ಅದನ್ನು ಗೀರು ಬೀಳದ ಹಾಗೆ ಗೋಡೆಗೆ ಒರಗಿಸಿ ಇಟ್ಟಳು. ಜೋಸ್ಟನ್ ಒಬ್ಬನಿಗೆ ಮಾತ್ರ ಒಂದಿಷ್ಟು ಮಾತು ಸಿಗುತ್ತಿತ್ತು. "ಹೌ ಲಾಂಗ್ ಈಸ್ ದಿಸ್ ವೆಕೇಶನ್?" ಎಂದು ಕೇಳಿದಳಂತೆ. ಅವನು ಅದನ್ನು ತಾಯಿಗೆ ಬಂದು ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಮುಖ ತಿರುಗಿಸಿದ.

ಸ್ಟೆಲ್ಲಾ ಪ್ರತಿ ಶುಕ್ರವಾರ ತಾನೇ ನಂಬರು ಒತ್ತಿ ಲಿಲ್ಲಿಯೊಡನೆ ಮಾತಾಡಲು ಕೊಡುತ್ತಿದ್ದಳು. ಅದೊಂದನ್ನು ಅವಳು ತಪ್ಪಿಸಲಿಲ್ಲ. ಆ ಹತ್ತು ನಿಮಿಷ ಮಗಳು ನಾಯಿಮರಿಯ ಬಗ್ಗೆ, ಬಾವಿಕಟ್ಟೆಯ ಬಗ್ಗೆ, ಯಾರದೋ ಮನೆಯ ಮದುವೆಯ ಬಗ್ಗೆ ಗಲಗಲ ಮಾತಾಡುವಳು. ಸ್ಟೆಲ್ಲಾ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಳ್ಳುವಳು. ಫೋನ್ ಇಟ್ಟ ಮೇಲೆ ಮನೆ ಮತ್ತೆ ತಣ್ಣಗಾಗುತ್ತಿತ್ತು.

ಫೆಬ್ರವರಿಯಲ್ಲಿ ಪಕ್ಕದ ಮನೆಗೆ ಮೈಸೂರು ಕಡೆಯ ರತ್ನಪ್ರಭಾ ಎಂಬುವರು ಬಂದರು. ಗಂಡನಿಗೆ ಯಾವುದೋ ಆಫೀಸಿನಲ್ಲಿ ಹೊಸ ಕೆಲಸ. ಒಂದು ಸಂಜೆ ಸ್ಟೆಲ್ಲಾ ಡ್ಯೂಟಿ ಮುಗಿಸಿ, ನೀಲಿ ಯೂನಿಫಾರ್ಮಿನಲ್ಲೇ, ಸ್ಕೂಲ್ ಬಸ್ಸಿನಿಂದ ಮಗಳನ್ನು ಇಳಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಆಕೆ ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ, ಕನ್ನಡ ಬರುತ್ತಾ ಪುಟ್ಟಾ ನಿಂಗೆ? ಎಷ್ಟು ಮುದ್ದಾಗಿದ್ದೀಯ! ನಿಮ್ಮಮ್ಮ ಮನೇಲಿದ್ದಾರಾ?"

"ಇಲ್ಲ," ಅಂದಳು ಓಲಿವಿಯಾ. ಶಿರ್ವದ ಶಾಲೆಯಲ್ಲಿ ಕಲಿತ ಸ್ಪಷ್ಟ ಕನ್ನಡ. "ಮಮ್ಮಿ ಶಿರ್ವದಲ್ಲಿ ಇದ್ದಾರೆ."

"ಹೌದಾ? ಹಾಗಾದ್ರೆ ಇವರು?"

ಓಲಿವಿಯಾ ಮೇಲೆ ನೋಡಲಿಲ್ಲ. "ಇವರು ನನ್ನನ್ನು ನೋಡಿಕೊಳ್ಳುವವರು."

ರತ್ನಪ್ರಭಾ ಸ್ಟೆಲ್ಲಾಳ ಯೂನಿಫಾರ್ಮನ್ನೂ ಕೈಯಲ್ಲಿದ್ದ ಟಿಫಿನ್ ಚೀಲವನ್ನೂ ನೋಡಿದರು. "ಓ, ಕೆಲಸಕ್ಕಿದ್ದೀರಾ ಇವರ ಮನೇಲಿ?"

ಕೆಳಗೆ ವರ್ಕ್‌ಶಾಪಿನಲ್ಲಿ ಯಾರೋ ಟಯರು ಬಿಚ್ಚುತ್ತಿದ್ದರು. ಸ್ಟೆಲ್ಲಾಗೆ ತನ್ನ ಕೈಯೊಳಗಿನ ಆ ಸಣ್ಣ ಕೈ ಬಿಗಿಯಾದದ್ದು ತಿಳಿಯಿತು. ಸುಳ್ಳು ಸಿಕ್ಕಿಬೀಳುವ ಹೆದರಿಕೆಯಲ್ಲ ಅದು. ಹೇಳಿದ ನಿಜವನ್ನು ದೊಡ್ಡವರು ಎಲ್ಲಿ ಸುಳ್ಳು ಮಾಡಿಬಿಡುತ್ತಾರೋ ಎಂದು ಮಗು ಕಾಯುತ್ತಿತ್ತು.

"ಹೌದು," ಅಂದಳು ಸ್ಟೆಲ್ಲಾ.

ಓಲಿವಿಯಾ ತಲೆಯೆತ್ತಿ ಅವಳನ್ನು ನೋಡಿದಳು. ಊರಿನಿಂದ ಬಂದ ಮೇಲೆ ಮೊದಲ ಸಲ, ಬಿದ್ದ ಹಲ್ಲಿನ ಜಾಗ ಕಾಣುವ ಹಾಗೆ, ಅವಳಿಗೆ ನಕ್ಕಳು.